ಜೀಪಿನ ನೀರು ಎಲ್ಲಿಗೆ ಹೋಗುತ್ತಿತ್ತು

ನಮ್ಮ ಮನೆಯ ಜೀಪನ್ನು ಯಾವ ಕಂಪನಿಯೂ ಮಾಡಿದ್ದಲ್ಲ. ಮಧುಗಿರಿಯ ನಮ್ಮ ಹಿತ್ತಲಿನಲ್ಲಿ ನನ್ನ ಗಂಡ ಮತ್ತು ಅವರ ಸ್ನೇಹಿತರೊಬ್ಬರು ವರ್ಷಗಟ್ಟಲೆ ಭಾನುವಾರಗಳನ್ನು ಸುರಿದು ಕಟ್ಟಿದ್ದು. ಚಾಸಿ ಹರಾಜಿನಲ್ಲಿ ಸಿಕ್ಕ ಒಂದು ಹಳೆಯ ಜೀಪಿನದು. ಡೀಸೆಲ್ ಎಂಜಿನ್ ಎಲ್ಲೋ ಮಗುಚಿಬಿದ್ದ ಪಿಕಪ್ ಗಾಡಿಯದು. ಸೀಟು ಇನ್ಯಾವುದೋ ವ್ಯಾನಿನದು. ಮೈಮೇಲಿನ ತಗಡು ಮಾತ್ರ ಹೊಸದು, ಅದನ್ನು ಇವರೇ ಬಡಿದು ಬಾಗಿಸಿದ್ದರು. ಇವರದು ಬೋರ್‌ವೆಲ್ ಮೋಟರುಗಳ ಸುಟ್ಟ ತಂತಿ ತೆಗೆದು ಹೊಸದು ಸುತ್ತುವ ರಿವೈಂಡಿಂಗ್ ಅಂಗಡಿ. ಸ್ನೇಹಿತರದು ಶಿರಾದಲ್ಲಿ ಗಾಡಿಗಳ ತಗಡು ತಟ್ಟಿ ಬೆಸೆಯುವ ಟಿಂಕರಿಂಗ್ ಕೆಲಸ. ಇವರು ಅವರನ್ನು ಭಾಯ್ ಎನ್ನುತ್ತಾರೆ, ಅವರು ಇವರನ್ನು ಅಣ್ಣ ಎನ್ನುತ್ತಾರೆ, ನಾನು ಅವರಿಗೆ ಭಾಬಿ. ಇಬ್ಬರೂ ಜೀಪಿನ ವಿಷಯಕ್ಕೆ ಜಗಳವಾಡದ ಭಾನುವಾರ ನನಗೆ ನೆನಪಿಲ್ಲ.

ಕಟ್ಟಿದ ಮೇಲೆ ಕೆಲವು ವರ್ಷ ಅದು ಯಾವ ತಂಟೆಯನ್ನೂ ಮಾಡಲಿಲ್ಲ. ತಂಟೆ ಶುರುವಾದದ್ದು ಇವರಿಗೆ ಎದೆನೋವು ಬಂದು ತುಮಕೂರಿಗೆ ಓಡಿ ಸ್ಟೆಂಟ್ ಹಾಕಿಸಿಕೊಂಡು ಬಂದ ಬೇಸಿಗೆಯಲ್ಲಿ. ಭಾರ ಎತ್ತಬೇಡಿ, ಬಗ್ಗಿ ಏಳುವ ಕೆಲಸ ಬೇಡ, ನಾನು ಹೇಳುವವರೆಗೆ ಗಾಡಿ ಓಡಿಸಲೂಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹಿತ್ತಲಿನ ಹೊಂಗೆ ಮರದಡಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಅವರು ಕೂರುವ ಆಸಾಮಿಯಲ್ಲ. ಬೆಳಿಗ್ಗೆ ಮರದಡಿ ಇದ್ದ ಕುರ್ಚಿ ಮಧ್ಯಾಹ್ನಕ್ಕೆ ತೊಟ್ಟಿಯ ಪಕ್ಕ, ಸಂಜೆಗೆ ಜೀಪಿನ ಮೂತಿಯ ಮುಂದೆ ಇರುತ್ತಿತ್ತು. ಅಂಗಡಿಯನ್ನು ಕೆಲಸದವರು ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಗಂಟೆಗೊಂದು ಫೋನು ಹೋಗುತ್ತಿತ್ತು.

ನನ್ನ ಕಥೆಯೂ ಬೇರೆಯಲ್ಲ. ಅವರು ಕೆಮ್ಮಿದರೆ ಅಡುಗೆಮನೆಯಿಂದ ಓಡಿ ಬರುತ್ತಿದ್ದೆ. ಕೆಮ್ಮದಿದ್ದರೆ, ಯಾಕೆ ಸದ್ದೇ ಇಲ್ಲ ಎಂದು ಓಡಿ ಬರುತ್ತಿದ್ದೆ. ನಾನು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಬೇರೆಯವರ ರಿಪೋರ್ಟು ನೋಡುವಾಗ ಇರುವ ಸಮಾಧಾನ ಮನೆಯವರ ವಿಷಯಕ್ಕೆ ಬಂದಾಗ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

"ಜೀಪ್ನ ಅಂಗೇ ನಿಲ್ಸಬ್ಯಾಡ ಕಣೆ. ದಿನಾ ಒಂದ್ ಸುತ್ತು ಓಡ್ಸು. ನಿಂತ್ ನಿಂತೇ ಹಾಳಾಗೋಯ್ತೈತೆ" ಎಂದು ಇವರು ವರಾತ ಹಿಡಿದರು. ಮದುವೆಯಾದ ಹೊಸದರಲ್ಲಿ ಒಣಗಿದ ಕೆರೆಯಂಗಳದಲ್ಲಿ ನನಗೆ ಗಾಡಿ ಕಲಿಸಿದ್ದು ಅವರೇ. ಹಾಗಾಗಿ ಲ್ಯಾಬಿಗೆ ಜೀಪಿನಲ್ಲೇ ಹೋಗಿ ಬರತೊಡಗಿದೆ. ಹೊರಡುವ ಮೊದಲು ಬಾನೆಟ್ ಎತ್ತಿ ನೀರು ನೋಡಬೇಕೆಂಬುದು ಅವರ ಕಟ್ಟಪ್ಪಣೆ. ನೀರು ಎಂದರೆ ಹಸಿರು ಬಣ್ಣದ ಕೂಲೆಂಟು. ಎಂಜಿನ್ನಿನೊಳಗೆಲ್ಲ ಸುತ್ತಾಡಿ ಅಲ್ಲಿನ ಬಿಸಿಯನ್ನು ತಂದು ರೇಡಿಯೇಟರಿನಲ್ಲಿ ಆರಿಸಿಕೊಂಡು ಹೋಗುವುದು ಅದರ ಕೆಲಸ. ಪಕ್ಕದಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಆ ಬಾಟಲಿಯಲ್ಲಿ ಮಟ್ಟ ಇಳಿಯುತ್ತಿರುವುದನ್ನು ನಾನೇ ಮೊದಲು ಕಂಡದ್ದು. ತುಂಬಿಸಿದೆ. ಎರಡು ದಿನ ಕಳೆದರೆ ಮತ್ತೆ ಇಳಿದಿತ್ತು. ಕಣ್ಣಿನ ಭ್ರಮೆಯಿರಬಹುದೆಂದು ಹಣೆಯ ಸ್ಟಿಕರ್ ಬೊಟ್ಟನ್ನು ತೆಗೆದು ಬಾಟಲಿಯ ಮೇಲೆ ಗುರುತಿಗೆ ಅಂಟಿಸಿದೆ. ಮಾರನೆಯ ಸಂಜೆ ನೀರು ಬೊಟ್ಟಿಗಿಂತ ಒಂದು ಬೆರಳು ಕೆಳಗಿತ್ತು.

ಇವರಿಗೆ ಹೇಳಲೋ ಬೇಡವೋ ಎಂದು ಒಂದು ದಿನ ಒದ್ದಾಡಿದೆ. ಹೇಳಿದರೆ ಕುರ್ಚಿ ಬಿಟ್ಟು ಎದ್ದು ಜೀಪಿನ ಕೆಳಗೆ ಮಲಗುತ್ತಾರೆ. ಹೇಳದಿದ್ದರೆ ನಡುದಾರಿಯಲ್ಲಿ ಎಂಜಿನ್ ಸುಟ್ಟುಹೋಗುತ್ತದೆ. ಕೊನೆಗೆ ಅವರೇ ಕೇಳಿದರು.

"ಬಾಟ್ಲಿ ಮ್ಯಾಲೆ ಬೊಟ್ಟ್ಯಾಕೆ ಅಂಟ್ಸಿದೀಯ? ಗಾಡಿಗೆ ಪೂಜೆ ಮಾಡ್ದಾ?"

ಹೇಳಿದೆ. ಅವರು ಎದ್ದು ಜೀಪಿನ ಸುತ್ತ ಒಂದು ಸುತ್ತು ಹಾಕಿದರು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ನನ್ನ ಕೈಯಲ್ಲಿ ಎಂಜಿನ್ ಕೆಳಗೆ ಹಳೆಯ ರಟ್ಟಿನ ಡಬ್ಬ ಬಿಚ್ಚಿ ಹಾಸಿಸಿದರು. ಬೆಳಿಗ್ಗೆ ನೋಡಿದರೆ ರಟ್ಟು ಒಣಗಿಯೇ ಇತ್ತು.

"ಸೋರಿದ್ರೆ ಕಾಣ್ಬೇಕು, ಕಾಣ್ತಿಲ್ಲ. ಅಂಗಾದ್ರೆ ಒಳಗೇ ಎಲ್ಲೋ ಕುಡೀತೈತೆ" ಎಂದರು. ಹೇಳುವಾಗ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು. ಅದು ಅಭ್ಯಾಸವೋ ನೋವೋ ಎಂದು ನಾನು ಆ ಕೈಯನ್ನೇ ನೋಡಿದೆ.

ಪಾವಗಡದಾಚೆ ತಿರುಮಣಿಯಲ್ಲಿ ಇವರ ಅಕ್ಕ ಇದ್ದಾರೆ. ಆಸ್ಪತ್ರೆಯಿಂದ ಬಂದ ಮೇಲೆ ಇವರನ್ನು ನೋಡಿಲ್ಲವೆಂದು ದಿನವೂ ಫೋನಿನಲ್ಲಿ ಅಳುತ್ತಿದ್ದರು. ಇವರೂ ಹೋಗಲೇಬೇಕೆಂದು ಹಠ ಹಿಡಿದರು. ಬಸ್ಸು ಬೇಡ, ಜೀಪೇ ಆಗಬೇಕು. ನಾನು ಓಡಿಸುವುದು, ಅವರು ಪಕ್ಕದಲ್ಲಿ ಸುಮ್ಮನೆ ಕೂರುವುದು ಎಂದು ಒಪ್ಪಂದವಾಯಿತು. ಬೊಟ್ಟಿನ ಮಟ್ಟಕ್ಕೆ ನೀರು ತುಂಬಿಸಿ, ಹಿಂದೆ ಎರಡು ಕ್ಯಾನು ನೀರಿಟ್ಟುಕೊಂಡು ಬೆಳಿಗ್ಗೆ ಹೊರಟೆವು.

ಸುಮ್ಮನೆ ಕೂರುವ ಮಾತು ಊರು ದಾಟುವುದರೊಳಗೆ ಮುಗಿಯಿತು. ಗೇರು ಬದಲಿಸು, ಕ್ಲಚ್ ಮೇಲೆ ಕಾಲಿಡಬೇಡ, ಲಾರಿ ಹಿಂದೆ ಅಂಟಿಕೊಂಡು ಹೋಗಬೇಡ. ನನಗೆ ಅದ್ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಒಂದು ಕಣ್ಣು ಶಾಖ ತೋರಿಸುವ ಮುಳ್ಳಿನ ಮೇಲೆ, ಇನ್ನೊಂದು ಕಣ್ಣು ಅವರ ಮುಖದ ಮೇಲೆ. ಎರಡರ ನಡುವೆ ರಸ್ತೆಯನ್ನು ಹೇಗೆ ನೋಡಿದೆನೋ ತಿಳಿಯದು. ಮಿಡಿಗೇಶಿ ದಾಟಿ ಒಂದು ಏರು ಹತ್ತುವಾಗ ಮುಳ್ಳು ತಟ್ಟನೆ ಮೇಲಕ್ಕೆ ಸರಿಯಿತು. ಬಾನೆಟ್ ಸಂದಿಯಿಂದ ಹಬೆ ಬಂತು. ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದೆ.

ನಾನು ಇಳಿಯುವಷ್ಟರಲ್ಲಿ ಅವರು ಇಳಿದು ಬಾನೆಟ್ ಎತ್ತಿ, ಟವೆಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದರು. ಓಡಿ ಹೋಗಿ ಮೊಣಕೈ ಹಿಡಿದು ಎಳೆದೆ.

"ಬಿಸೀಲಿ ತೆಗೀಬಾರ್ದು ಅಂತ ನನಗೆ ಹೇಳ್ಕೊಟ್ಟೋರೇ ನೀವು. ಮುಖ ಸುಟ್ಕಳ್ಬೇಕು ಅಂತ ಇದೀರಾ?"

"ಸ್ವಲ್ಪ ತಿರುಗ್ಸಿ ಗಾಳಿ ಬುಡ್ತೀನಿ ಅಷ್ಟೇ."

"ಏನೂ ಬ್ಯಾಡ. ಬನ್ನಿ ಈ ಕಡೆ."

ರಸ್ತೆ ಬದಿಯ ಹುಣಸೆ ಮರದ ಬೇರಿನ ಮೇಲೆ ಕೂರಿಸಿದೆ. ಕೂತವರು ಬೆವರತೊಡಗಿದರು. ಕುತ್ತಿಗೆಯಿಂದ ಇಳಿದ ಬೆವರು ಅಂಗಿಯನ್ನು ಒದ್ದೆ ಮಾಡಿತು. ಬಿಸಿಲೂ ಹಾಗೆಯೇ ಇತ್ತು, ನಾನೂ ಬೆವರುತ್ತಿದ್ದೆ. ಆದರೂ ನನ್ನ ಕೈ ಬ್ಯಾಗಿನಲ್ಲಿದ್ದ ನಾಲಗೆ ಕೆಳಗಿಡುವ ಮಾತ್ರೆಯನ್ನು ಹುಡುಕುತ್ತಿತ್ತು. ಇನ್ನೊಂದು ಕೈಯಲ್ಲಿ ಅವರ ನಾಡಿ ಹಿಡಿದೆ. ಎಣಿಸಿದೆ, ತಪ್ಪಿತು, ಮತ್ತೆ ಎಣಿಸಿದೆ.

"ಬಿಸ್ಲು ಕಣೆ ಇದು. ಎದೆ ಅಲ್ಲ" ಎಂದು ಮಾತ್ರೆಯನ್ನು ಪಕ್ಕಕ್ಕೆ ತಳ್ಳಿದರು.

"ನಿಮಗೆ ಹೆಂಗೆ ಗೊತ್ತು?"

"ಒಂದ್ಸಲ ಬಂದೈತಲ್ಲ, ಗೊತ್ತಾಗಲ್ವಾ?"

ನಾನು ನಂಬಲಿಲ್ಲ. ಆಂಬ್ಯುಲೆನ್ಸಿಗೆ ಫೋನು ಮಾಡಲೋ, ದಾರಿಯಲ್ಲಿ ಬರುವ ಯಾವುದಾದರೂ ಕಾರಿಗೆ ಕೈ ಅಡ್ಡ ಹಾಕಲೋ ಎಂದು ರಸ್ತೆಗೂ ಮರಕ್ಕೂ ನಡುವೆ ಓಡಾಡಿದೆ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಒಬ್ಬ ಹೆಂಗಸು ಬಂದರು. ಜೀಪನ್ನೂ ನಮ್ಮನ್ನೂ ನೋಡಿ ನಿಂತರು.

"ಯಾಕ್ರವ್ವ, ಗಾಡಿ ಕೆಟ್ಟೋಯ್ತಾ?"

"ಹೂಂ ಕಣಮ್ಮ. ಇವರಿಗೂ ಮೈ ಸರಿಯಿಲ್ಲ."

ಆಕೆ ಸೊಂಟದಲ್ಲಿದ್ದ ನೀರಿನ ಬಾಟಲಿಯನ್ನು ತೆಗೆದು, ನನ್ನನ್ನು ಕೇಳದೆಯೇ ಇವರ ಟವೆಲನ್ನು ಒದ್ದೆ ಮಾಡಿ ತಲೆಯ ಮೇಲೆ ಹಾಕಿದರು. "ಅಣ್ಣಯ್ಯ, ಮಾತಾಡ್ಬ್ಯಾಡ, ಕಣ್ಮುಚ್ಕಂಡು ಕುಂತ್ಕ" ಎಂದರು. ಆಶ್ಚರ್ಯವೆಂದರೆ ಇವರು ಕೂತರು. ನನ್ನ ಮಾತಿಗೆ ಒಂದು ದಿನವೂ ಹಾಗೆ ಕೂತವರಲ್ಲ. ಆಮೇಲೆ ಆಕೆ ನನ್ನ ಕಡೆ ತಿರುಗಿ, "ನೀನೂ ಕುಂತ್ಕಳವ್ವ. ನೀನು ಅಂಗ್ ಓಡಾಡ್ತಿದ್ರೆ ಕುರೀನೇ ಬೆದರ್ತವೆ" ಎಂದರು.

ಬೆವರು ನಿಂತಿತು. ನಾಡಿ ಸರಿಯಾಗಿಯೇ ಇತ್ತು, ನನ್ನ ಎಣಿಕೆಯೇ ಅಡ್ಡಾದಿಡ್ಡಿಯಾಗಿತ್ತು. ಎಂಜಿನ್ ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆದು ಎರಡೂ ಕ್ಯಾನಿನ ನೀರು ಹುಯ್ದೆ. ತಿರುಮಣಿಯ ಕಡೆಗಲ್ಲ, ಮನೆಯ ಕಡೆಗೆ ತಿರುಗಿಸಿದೆ. ಅವರು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಬಂದರು.

ಮಾರನೆಯ ದಿನ ಅಕ್ಕನೇ ಬಸ್ಸು ಹತ್ತಿ ಬಂದರು. ಅವರ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋದ ಮೇಲೆ ಕೈತುಂಬ ಬಿಡುವು, ಬಾಯಿತುಂಬ ಮಾತು. ಅರ್ಧ ತೆಲುಗು, ಅರ್ಧ ಕನ್ನಡ. ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಏಂರಾ ತಮ್ಮುಡೂ, ಇಂಗಾ ಆ ಡಬ್ಬಾ ಬಂಡಿ ಜೊತೇಲೇ ಒದ್ದಾಡ್ತಿದೀಯಾ? ಮಾರಾಕ್ಬುಡು ಅಂತ ಎಷ್ಟ್ ಸಲ ಹೇಳ್ಲಿ? ನಿನ್ ಪ್ರಾಣಕ್ಕಿಂತ ಎಕ್ಕುವಾ ಏನು ಅದು?"

ಇವರು ನಕ್ಕರು. ಆದರೆ ಅಕ್ಕ ಹೊರಟುಹೋದ ಮೇಲೆ ಜೀಪಿನ ಬಳಿ ಹೋಗಿ ನಿಂತು, "ಮಾರೋದಾದ್ರೂ ಇಂಗ್ ಮಾರಕ್ಕಾಗಲ್ಲ. ಕಾಯಿಲೆ ಏನು ಅಂತ ಗೊತ್ತಾಗ್ಬೇಕು ಮೊದ್ಲು" ಎಂದರು. ಆ ದನಿಯಲ್ಲಿ ಮಾರುವ ವಿಚಾರ ಆಗಲೇ ಹೊಕ್ಕಿತ್ತು. ಅದನ್ನು ಕೇಳಿ ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಎದೆನೋವು ಬಂದ ದಿನ ಕೂಡ ಅವರ ಮುಖ ಅಷ್ಟು ಇಳಿದಿರಲಿಲ್ಲ.

"ನೀವು ಹೇಳಿ, ನಾನ್ ನೋಡ್ತೀನಿ. ನೀವು ಮಾತ್ರ ಕುರ್ಚಿ ಬಿಟ್ಟು ಏಳ್ಬಾರ್ದು" ಎಂದೆ.

ಮೊದಲು ಊರಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಬಾನೆಟ್ ಎತ್ತುವ ಮುಂಚೆಯೇ ಎಂಜಿನ್ನಿನ ತಲೆಗೂ ಒಡಲಿಗೂ ನಡುವೆ ಇರುವ ಹಾಳೆ, ಹೆಡ್ ಗ್ಯಾಸ್ಕೆಟ್, ಹೋಗಿದೆ, ಎಂಜಿನ್ ಮೇಲ್ಭಾಗ ಬಿಚ್ಚಬೇಕು ಎಂದರು. ಫೋನಿನಲ್ಲಿ ಭಾಯ್ ಕೂಡ ಅದನ್ನೇ ಹೇಳಿದರು. "ಗ್ಯಾಸ್ಕೆಟ್ಟೇ ಅಣ್ಣ, ಬಿಲ್ಕುಲ್ ಅದೇ. ಒಳಗೊಳಗೇ ನೀರು ಸುಟ್ಟು ಹೊಗೆ ಜೊತೆ ಹೋಗ್ತದೆ." ಇವರಿಗೆ ಒಪ್ಪಿಗೆಯಾಗಲಿಲ್ಲ. ಗ್ಯಾಸ್ಕೆಟ್ ಹೋಗಿದ್ದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರಬೇಕು, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಬೇಕು, ರೇಡಿಯೇಟರಿನಲ್ಲಿ ಗುಳ್ಳೆ ಏಳಬೇಕು. ಒಂದೊಂದನ್ನೂ ನನ್ನಿಂದ ನೋಡಿಸಿದರು. ಹೊಗೆ ಇರಲಿಲ್ಲ. ಆಯಿಲ್ ಕಪ್ಪಗೆ ಸ್ವಚ್ಛವಾಗಿತ್ತು. ತಣ್ಣಗಿದ್ದಾಗ ಮುಚ್ಚಳ ತೆಗೆದಿಟ್ಟು ಎಂಜಿನ್ ಶುರು ಮಾಡಿ ಬಗ್ಗಿ ನೋಡಿದೆ, ಗುಳ್ಳೆಯೂ ಬರಲಿಲ್ಲ.

ಆಮೇಲೆ ಹೊರಗಿನ ಕೆಲಸ. ರೇಡಿಯೇಟರಿಗೆ ಹೊಸ ಮುಚ್ಚಳ ತಂದೆ. ಒಂದೆರಡು ದಿನ ಓಡಿಸಿ ಬೊಟ್ಟು ನೋಡಿದೆ, ನೀರು ಇಳಿದಿತ್ತು. ರಬ್ಬರ್ ಪೈಪುಗಳ ಕ್ಲಿಪ್ಪುಗಳನ್ನು ಬಿಗಿ ಮಾಡಿದೆ. ಮತ್ತೆ ಓಡಿಸಿದೆ, ಮತ್ತೆ ಇಳಿಯಿತು. ಇವರಿಗೆ ಎಲ್ಲವನ್ನೂ ಒಂದೇ ದಿನ ಬದಲಿಸಿಬಿಡುವ ಆತುರ. ಪೈಪು ತೆಗಿ, ಪಂಪು ತೆಗಿ, ಅದನ್ನೂ ತೆಗಿ ಎನ್ನುತ್ತಿದ್ದರು. ನಾನು ಬಿಡಲಿಲ್ಲ. ಲ್ಯಾಬಿನಲ್ಲಿ ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಹಾಗಾಗಿ ಒಂದಾದ ಮೇಲೆ ಒಂದು ಎಂದು ಪಟ್ಟು ಹಿಡಿದೆ. ಅವರು ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತಾ, "ಇಂಗ್ ಮಾಡ್ತಾ ಕುಂತ್ರೆ ಮಳೆಗಾಲ ಬಂದೋಯ್ತೈತೆ" ಎಂದು ಗೊಣಗುತ್ತಿದ್ದರು.

ಕೈಗೆ ಗ್ರೀಸು ಹತ್ತಿತು, ಉಗುರಿನ ಸಂದಿಯ ಕಪ್ಪು ಹೋಗದೆ ಲ್ಯಾಬಿನಲ್ಲಿ ಗ್ಲೌಸು ಹಾಕಿಕೊಂಡೇ ಓಡಾಡಿದೆ. ಒಂದು ಸಂಗತಿ ಮಾತ್ರ ನಿಜ. ಬಾನೆಟ್ ಕೆಳಗೆ ತಲೆ ಹಾಕಿದಷ್ಟು ಹೊತ್ತು ಅವರ ಉಸಿರಾಟಕ್ಕೆ ನಾನು ಕಿವಿ ಕೊಡುತ್ತಿರಲಿಲ್ಲ. ತಲೆ ಹೊರಗೆ ತೆಗೆದ ಕೂಡಲೇ ಮತ್ತೆ ಅದೇ ಚಡಪಡಿಕೆ.

ಮುಂದಿನ ಭಾನುವಾರ ಭಾಯ್ ಶಿರಾದಿಂದ ಬೈಕಿನಲ್ಲಿ ಬಂದರು. ಗ್ಯಾಸ್ಕೆಟ್ಟೇ ಎಂಬ ಹಠ ಅವರದು, ಅಲ್ಲ ಎಂಬ ಹಠ ಇವರದು. ಇವರ ದನಿ ಏರುತ್ತಿದ್ದಂತೆ ನಾನು ಒಳಗೆ ಹೋಗಿ ಬಿಪಿ ನೋಡುವ ಉಪಕರಣ ತಂದೆ. ತೋಳಿಗೆ ಪಟ್ಟಿ ಸುತ್ತಿ ರಬ್ಬರಿನ ಉಂಡೆಯನ್ನು ಒತ್ತತೊಡಗಿದಾಗ ಭಾಯ್ ಮಾತು ನಿಲ್ಲಿಸಿ ಅದರ ಮುಳ್ಳನ್ನೇ ನೋಡಿದರು.

"ಭಾಬಿ, ಇಂಥದ್ದು ಇನ್ನೊಂದು ಹಳೇದು ಇದೆಯಾ?"

ಲ್ಯಾಬಿನಲ್ಲಿ ಮೂಲೆಗೆ ಬಿದ್ದದ್ದೊಂದು ಇತ್ತು, ಪಟ್ಟಿ ಹರಿದದ್ದು. ಕೇಳಿ ತಂದುಕೊಟ್ಟೆ. ಭಾಯ್ ರೇಡಿಯೇಟರಿನ ಹಳೆಯ ಮುಚ್ಚಳಕ್ಕೆ ಒಂದು ಸಣ್ಣ ನಳಿಗೆ ಬೆಸೆದು, ಉಪಕರಣದ ರಬ್ಬರ್ ಕೊಳವೆಯನ್ನು ಅದಕ್ಕೆ ಸಿಕ್ಕಿಸಿದರು. ಈಗ ಉಂಡೆ ಒತ್ತಿದರೆ ಗಾಳಿ ಎಂಜಿನ್ನಿನ ನೀರಿನ ದಾರಿಗೆ ಹೋಗುತ್ತದೆ. ಎಲ್ಲಿಯೂ ಸೋರದಿದ್ದರೆ ಮುಳ್ಳು ನಿಂತಲ್ಲೇ ನಿಲ್ಲಬೇಕು. ಸೋರಿದರೆ ಇಳಿಯಬೇಕು. ಎಂಜಿನ್ ತಣ್ಣಗಿತ್ತು. ಒತ್ತಿದೆವು. ಮುಳ್ಳು ಏರಿತು, ನಿಂತಿತು. ಟೀ ಕುಡಿದು ಬಂದರೂ ಅಲ್ಲೇ ನಿಂತಿತ್ತು.

"ಸೋರ್ತಾನೇ ಇಲ್ಲ" ಎಂದರು ಇವರು. ಭಾಯ್, "ನಾನ್ ಹೇಳ್ಲಿಲ್ವಾ, ಗ್ಯಾಸ್ಕೆಟ್" ಎಂದರು. ಇಬ್ಬರೂ ಮತ್ತೆ ಶುರುವಾದರು.

ನನಗೆ ತಲೆ ಕೆಟ್ಟಿತು. ಸೋರುವುದಿಲ್ಲ, ಆದರೆ ನೀರು ಕಡಿಮೆಯಾಗುತ್ತದೆ. ಇಂಥ ರಿಪೋರ್ಟು ಲ್ಯಾಬಿನಲ್ಲಿ ಬಂದರೆ ನಾವು ಮೊದಲು ಕೇಳುವುದು ರಕ್ತ ಯಾವಾಗ ತೆಗೆದದ್ದು ಎಂದು. ಊಟದ ಮೊದಲೋ, ಊಟದ ಮೇಲೋ. ಜೀಪಿಗೂ ಅದೇ ಪ್ರಶ್ನೆ ಕೇಳಬಹುದಲ್ಲ ಎನಿಸಿತು. ನೀರು ಕಡಿಮೆಯಾಗುವುದು ನಿಂತಾಗಲ್ಲ, ಓಡಿದಾಗ.

"ಶುರು ಮಾಡಿ ನೋಡಾಣ. ಬಿಸಿಯಾಗೋದ್ರೊಳಗೆ ಆರಿಸ್ಬಿಡಾಣ" ಎಂದೆ.

ಭಾಯ್ ಒಳಗೆ ಕೂತು ಎಂಜಿನ್ ಶುರು ಮಾಡಿದರು. ಇಡೀ ಜೀಪು ನಡುಗಿತು. ನಾನು ಹಿಡಿದಿದ್ದ ಮುಳ್ಳು ಒಂದು ಕ್ಷಣ ಅಲುಗಿ, ಮೆಲ್ಲಗೆ ಇಳಿಯತೊಡಗಿತು. ಆರಿಸಿ ಎಂದು ಕೈ ಮಾಡಿದೆ. ಆರಿಸಿದ ಕೂಡಲೇ ಮುಳ್ಳು ಇಳಿಯುವುದೂ ನಿಂತಿತು. ಮತ್ತೊಮ್ಮೆ ಮಾಡಿದೆವು, ಹಾಗೆಯೇ ಆಯಿತು. ಇವರು ಕುರ್ಚಿಯಿಂದ ಎದ್ದು ನನ್ನ ಹಿಂದೆ ಬಂದು ನಿಂತಿದ್ದರು. ನಾನು ಬೈಯಲಿಲ್ಲ.

"ಅಲುಗಾಡ್ದಾಗ ಬಾಯಿ ಬುಡ್ತೈತೆ. ನಿಂತಾಗ ಮುಚ್ಕಂತೈತೆ. ಏನಪ್ಪಾ ಅಂಥದ್ದು?" ಎಂದು ತಮಗೆ ತಾವೇ ಹೇಳಿಕೊಂಡರು.

ಮುಂದೆ, ಪಕ್ಕ, ಕೆಳಗೆ ಎಲ್ಲ ನೋಡಿಯಾಗಿತ್ತು. ನೋಡದೆ ಉಳಿದದ್ದು ಎಂಜಿನ್ನಿನ ಬೆನ್ನು. ನಮ್ಮ ಜೀಪಿನಲ್ಲಿ ಎಂಜಿನ್ನಿನ ಬೆನ್ನಿಗೂ ನಾವು ಕಾಲಿಡುವ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆಯಿದೆ. ಅವೆರಡರ ಸಂದಿಯಲ್ಲಿ ಕೈ ಹೋಗುವುದಿಲ್ಲ, ತಲೆಯಂತೂ ಇಲ್ಲವೇ ಇಲ್ಲ. ಒಳಗೆ ಹೋಗಿ ನನ್ನ ಪೌಡರ್ ಡಬ್ಬಿಯ ಸಣ್ಣ ಕನ್ನಡಿ ತಂದು, ಒಂದು ಪೊರಕೆ ಕಡ್ಡಿಯ ತುದಿಗೆ ಟೇಪು ಸುತ್ತಿ ಅಂಟಿಸಿದೆ. ಭಾಯ್ ಟಾರ್ಚು ಹಿಡಿದರು. ಕನ್ನಡಿಯನ್ನು ಸಂದಿಯೊಳಗೆ ಇಳಿಸಿ ತಿರುಗಿಸಿದಾಗ ಮೊದಲು ಕಂಡದ್ದು ನನ್ನದೇ ಕಣ್ಣು. ಆಮೇಲೆ ಕಬ್ಬಿಣ, ಮಸಿ. ಅದರ ನಡುವೆ ರೂಪಾಯಿ ಬಿಲ್ಲೆಗಿಂತ ದೊಡ್ಡದಾದ ಒಂದು ದುಂಡು ತಗಡು. ಅದರ ಕೆಳಗೆ ಪಾಚಿಯಂತೆ ಒಣಗಿ ಹತ್ತಿದ ಹಸಿರು ಗೆರೆ.

"ಇಲ್ಲಿದೆ" ಎಂದೆ. 

ಭಾಯ್ ಕನ್ನಡಿ ತೆಗೆದುಕೊಂಡು ನೋಡಿದರು. ಎಂಜಿನ್ ಎರಕ ಹುಯ್ಯುವಾಗ ಉಳಿಯುವ ತೂತುಗಳಿಗೆ ಬಡಿಯುವ ಬಿಲ್ಲೆ ಅದು, ಗ್ಯಾರೇಜಿನಲ್ಲಿ ಡಮ್ಮಿ ಎನ್ನುತ್ತಾರೆ ಎಂದರು. ಆಮೇಲೆ ಕನ್ನಡಿಯನ್ನು ಇನ್ನಷ್ಟು ವಾಲಿಸಿ ನೋಡಿದರು. ಆ ಬಿಲ್ಲೆಯ ನಡುವಿಗೆ ತಾಗಿಕೊಂಡು ಒಂದು ಬೋಲ್ಟಿನ ತುದಿ ಇತ್ತು. ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದು ತಗಡಿನ ಗೋಡೆಯಿಂದ ಬಂದ ಬೋಲ್ಟು. ಕ್ಲಚ್ ಪೆಡಲಿನ ಹಿಡಿಕೆಯನ್ನು ಗೋಡೆಗೆ ಬಿಗಿದದ್ದು. ಎಂಜಿನ್ ಅಲುಗಿದಾಗಲೆಲ್ಲ ಬೋಲ್ಟು ಬಿಲ್ಲೆಯನ್ನು ಸವೆಸಿ, ಸೂಜಿಮೊನೆಯಷ್ಟು ತೂತು ಮಾಡಿತ್ತು. ಎಂಜಿನ್ ನಿಂತಾಗ ಅದೇ ಬೋಲ್ಟು ಆ ತೂತಿನ ಮೇಲೆ ಬೆರಳಿಟ್ಟಂತೆ ಕೂತು ಮುಚ್ಚಿಬಿಡುತ್ತಿತ್ತು. ಓಡುವಾಗ ಸೋರಿದ ನೀರು ಕಾದ ಕಬ್ಬಿಣದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿತ್ತು. ನೆಲಕ್ಕೆ ಹನಿ ಬೀಳುವುದಾದರೂ ಹೇಗೆ?

ಜೀಪು ಕಟ್ಟುವಾಗ ದೊಡ್ಡ ರೇಡಿಯೇಟರ್ ಬೇಕೆಂದು ಎಂಜಿನ್ನನ್ನು ಎರಡು ಬೆರಳು ಹಿಂದಕ್ಕೆ ಕೂರಿಸಿದ್ದು ಇವರು. ಗಟ್ಟಿಯಾಗಿರಲಿ ಎಂದು ಆ ಉದ್ದದ ಬೋಲ್ಟು ಹಾಕಿದ್ದೂ ಇವರೇ. ಜಾಗ ಬಿಡಿ ಅಣ್ಣ ಎಂದು ಭಾಯ್ ಆಗ ಬಡಕೊಂಡಿದ್ದು ನನಗೂ ನೆನಪಿತ್ತು. ಈಗ ಭಾಯ್ ಆ ಮಾತು ಎತ್ತಲಿಲ್ಲ. ಗ್ಯಾಸ್ಕೆಟ್ಟಿನ ಮಾತನ್ನು ಇವರೂ ಎತ್ತಲಿಲ್ಲ. ಕನ್ನಡಿಯಲ್ಲಿ ಒಮ್ಮೆ ನೋಡಿ, ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ಇವರು ಒಳಗೆ ಹೋಗಿ ಮಲಗಿದರು.

ನಾನು ಹಿಂದೆಯೇ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದರು.

"ನೋವೈತಾ?"

"ಇಲ್ಲ."

"ಮತ್ತೆ?"

"ಎಂಜಿನ್ ಇಳಿಸ್ಬೇಕು ಕಣೆ ಅದಕ್ಕೆ. ನಾನ್ ಕೈ ಹಾಕಂಗಿಲ್ಲ. ಅವನೊಬ್ಬನ ಕೈಲಿ ಆಗಲ್ಲ." ಇತ್ತ ತಿರುಗದೆಯೇ, "ಇಲ್ದಿದ್ರೆ ಗೋಡೆ ಕೊಯ್ಬೇಕು" ಎಂದರು.

ಜೀಪಿನ ಆ ಗೋಡೆ ಅವರು ಮರದ ಸುತ್ತಿಗೆಯಲ್ಲಿ ತಿಂಗಳುಗಟ್ಟಲೆ ಬಡಿದು ನಯ ಮಾಡಿದ್ದು. ಎಲ್ಲೂ ಒಂದು ಬೆಸುಗೆಯ ಗೀರಿಲ್ಲದ, ಒಂದೇ ಹಾಳೆಯ ತಗಡು. ಯಾರು ಜೀಪು ನೋಡಲು ಬಂದರೂ ಮೊದಲು ತೋರಿಸುತ್ತಿದ್ದುದು ಅದನ್ನೇ. ನಾನು ಮಂಚದ ತುದಿಯಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಹೊರಗೆ ಭಾಯ್ ಸಾಮಾನು ಜೋಡಿಸಿಕೊಳ್ಳುವ ಸದ್ದು ಕೇಳುತ್ತಿತ್ತು. ಅದು ಬೈಕಿನ ಪೆಟ್ಟಿಗೆಗೆ ಬೀಳುವ ಸದ್ದು ಎಂದು ಅರ್ಥವಾಯಿತೇನೋ, ಇವರು ಎದ್ದು ಬಾಗಿಲಿಗೆ ಹೋದರು.

"ಭಾಯ್, ಎತ್ತಿಡ್ಬ್ಯಾಡ. ಕಟಿಂಗ್ ಮಿಷನ್ ತಗಿ. ಕೊಯ್ದಾಕು."

"ಅಣ್ಣ, ಸೋಚ್ ಮಾಡಿ ಹೇಳಿ. ಇಂಜಿನ್ ಇಳಿಸೋಕೆ ನಾಲ್ಕು ಜನ ಕರ್ಕೊಂಡು ಬರ್ತೀನಿ ನಾನು."

"ಮಾಡಿವ್ನಿ. ಕೊಯ್ಯಿ."

ಬಳಪದಲ್ಲಿ ದುಂಡಗೆ ಗೆರೆ ಎಳೆದುಕೊಟ್ಟದ್ದು ಇವರೇ. ಕಿಡಿ ಹಾರುವಾಗ ಮುಖ ತಿರುಗಿಸಿಕೊಂಡರು, ಆದರೆ ಅಲ್ಲಿಂದ ಕದಲಲಿಲ್ಲ. ಅಂಗೈ ಅಗಲದ ತಗಡು ಕಳಚಿ ಬಿತ್ತು. ಅದರ ಮೂಲಕ ಕೈ ಹಾಕಿ ಸವೆದ ಬಿಲ್ಲೆಯನ್ನು ಕಿತ್ತು, ಮರುದಿನ ಹೊಸದನ್ನು ಬಡಿದು ಕೂರಿಸಿ, ಬೋಲ್ಟನ್ನು ಗಿಡ್ಡ ಮಾಡಿ, ವರ್ಷಗಳಲ್ಲಿ ಸವೆದು ಕುಸಿದಿದ್ದ, ಎಂಜಿನ್ ಕೂರುವ ರಬ್ಬರುಗಳನ್ನೂ ಬದಲಿಸಿ, ಕಿಂಡಿಗೆ ಸ್ಕ್ರೂ ಹಾಕುವ ಮುಚ್ಚಳ ಮಾಡಿದರು ಭಾಯ್. ಜೀಪಿನಲ್ಲಿ ಕೂತರೆ ಕಾಲಿನ ಮುಂದೆ ಆ ತೇಪೆ ಈಗಲೂ ಕಾಣುತ್ತದೆ. ಇವರು ಅದಕ್ಕೆ ಬಣ್ಣ ಹಚ್ಚಿಲ್ಲ.

ನೀರು ಇಳಿಯುವುದು ನಿಂತಿತು. ಲ್ಯಾಬಿಗೆ ಹೋಗಿ ಬಂದೆ, ಬಡವನಹಳ್ಳಿಗೆ ಹೋಗಿ ಬಂದೆ, ಒಂದು ಹನಿಯೂ ಕಡಿಮೆಯಾಗಲಿಲ್ಲ. ನಂಬಿಕೆ ಬಾರದೆ ದಿನಕ್ಕೆ ಹತ್ತು ಸಲ ಬಾನೆಟ್ ಎತ್ತಿದೆ. ಅಷ್ಟರಲ್ಲಿ ಡಾಕ್ಟರು, ಇನ್ನು ನಿಧಾನವಾಗಿ ಗಾಡಿ ಓಡಿಸಬಹುದು ಎಂದರು. ಇವರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಏರು ಬಂದರೆ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ. ಅವರು ಗೇರು ಬದಲಿಸಲು ಕೈಯೆತ್ತಿದರೆ, ಎದೆಗೆ ಹೋಗುತ್ತದೆಯೋ ಎಂದು ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಸ್ನಾನ ಮಾಡಿ ಬರುವಷ್ಟರಲ್ಲಿ ಹಿತ್ತಲಿನಲ್ಲಿ ಜೀಪು ಇರಲಿಲ್ಲ. ಇವರೂ ಇರಲಿಲ್ಲ. ಫೋನು ದೇವರ ಗೂಡಿನ ಪಕ್ಕ ಚಾರ್ಜಿಗೆ ಹಾಕಿದ ಹಾಗೇ ಇತ್ತು. ಅಂಗಡಿಗೆ ಫೋನು ಮಾಡಿದೆ, ಬಂದಿಲ್ಲ. ಭಾಯ್‌ಗೆ ಮಾಡಿದೆ, ಅವರಿಗೂ ಗೊತ್ತಿರಲಿಲ್ಲ. "ಫಿಕರ್ ಮಾಡ್ಬೇಡಿ ಭಾಬಿ, ನಾನು ಬೈಕ್ ತಗೊಂಡು ಆ ಕಡೆಯಿಂದ ಹುಡುಕ್ತಾ ಬರ್ತೀನಿ" ಎಂದರು. ಲ್ಯಾಬಿಗೆ ರಜೆ ಹೇಳಿದೆ. ಗೇಟಿಗೂ ಒಲೆಗೂ ಓಡಾಡಿದೆ. ಹಾಲು ಉಕ್ಕಿ ಒಲೆ ಆರಿತು. ಸ್ಕೂಟರ್ ತೆಗೆದು ಪಾವಗಡದ ರಸ್ತೆಯಲ್ಲಿ ಸ್ವಲ್ಪ ದೂರ ಹೋದೆ. ಅವರು ಆ ಕಡೆಯೇ ಹೋಗಿದ್ದಾರೆಂದು ಯಾರು ಹೇಳಿದ್ದು ಎನಿಸಿ ವಾಪಸು ಬಂದೆ. ಗೇಟಿನ ಬಳಿ ನಿಂತಾಗ ದೂರದಲ್ಲಿ ಬರುವ ಪ್ರತಿ ಡೀಸೆಲ್ ಗಾಡಿಯೂ ನಮ್ಮದರಂತೆಯೇ ಸದ್ದು ಮಾಡುತ್ತಿತ್ತು.

ಬಿಸಿಲು ನೆತ್ತಿಗೆ ಬಂದ ಮೇಲೆ ಜೀಪು ಬಂತು. ಇಳಿದವರು ಕೈಕಾಲು ತೊಳೆದು, ಏನೂ ಆಗದವರಂತೆ ಬಂದು ಕೂತರು.

"ಎಲ್ಲಿಗ್ ಹೋಗಿದ್ರಿ?"

"ಕೊರಟಗೆರೆವರ್ಗೂ. ತಟ್ಟೆ ಇಡ್ಲಿ ತಿಂದೆ. ಅಲ್ಲೇ ಕಟ್ಟೆ ಮ್ಯಾಲೆ ಒಂದೀಟೊತ್ತು ಕುಂತಿದ್ದೆ. ಬಂದೆ."

"ಹೇಳಿ ಹೋಗಕ್ಕೆ ಏನಾಗಿತ್ತು?"

"ಹೇಳಿದ್ರೆ ನೀನೂ ಬರ್ತಿದ್ದೆ."

"ಬಂದ್ರೆ?"

ಅವರು ನೀರಿನ ಲೋಟ ಕೆಳಗಿಟ್ಟರು. "ನೀನು ಪಕ್ಕದಲ್ ಕೂತು ನನ್ ಮಕಾನೇ ನೋಡ್ತಿದ್ರೆ, ಏನೋ ಆಗೋಯ್ತೈತೆ ಅಂತ ನಂಗೂ ಅನ್ಸಕ್ಕೆ ಶುರುವಾಯ್ತೈತೆ ಕಣೆ. ರಸ್ತೇನೇ ಕಾಣಲ್ಲ. ಇವತ್ತು ಕಾಣ್ತು."

ಸಿಟ್ಟು ಎಲ್ಲಿತ್ತೋ ಬಂತು. ಅವರಿಗಾಗಿ ಕಲಿತದ್ದು, ಗ್ರೀಸು ಹತ್ತಿಸಿಕೊಂಡದ್ದು, ಬೆಳಗಿನಿಂದ ಗೇಟಿನ ಬಳಿ ನಿಂತದ್ದು ಎಲ್ಲವನ್ನೂ ಹೇಳಬೇಕೆಂದುಕೊಂಡೆ. ಮುದ್ದೆ ಬಡಿಸಿದೆ. ಅಷ್ಟರಲ್ಲಿ ಭಾಯ್ ಬಂದರು, ಮೈಯೆಲ್ಲ ಧೂಳು. ಅವರಿಗೂ ತಟ್ಟೆ ಇಟ್ಟೆ. ಇವರನ್ನು ಅವರು ಬೈದದ್ದು ಉರ್ದುವಿನಲ್ಲಿ. ಇವರಿಗೆ ಅರ್ಧ ಅರ್ಥವಾಯಿತು, ಉರ್ದು ಬಾರದ ನನಗೆ ಪೂರ್ತಿ.

ಅಂದಿನಿಂದ ಒಂದು ಕರಾರಾಗಿದೆ. ಫೋನು ಒಯ್ಯುತ್ತಾರೆ, ತಲುಪಿದ ಮೇಲೆ ಒಂದು ಸಲ ಮಾಡುತ್ತಾರೆ. ನಾನು ಜೊತೆಗೆ ಬರುತ್ತೇನೆಂದು ಹೇಳುವುದಿಲ್ಲ. ಹೇಳದಿರುವುದು ಅಷ್ಟು ಸುಲಭವಾಗಿಲ್ಲ. ಅವರು ಹೋದ ಹೊತ್ತು ಬೀರು ಕ್ಲೀನು ಮಾಡುತ್ತೇನೆ, ಮಾಡಿದ್ದನ್ನೇ ಮತ್ತೆ ಮಾಡುತ್ತೇನೆ.

ಹೋದ ತಿಂಗಳು ಒಂದು ಭಾನುವಾರ ನಾನೇ ಜೀಪಿನ ಕೀಲಿ ಕೇಳಿದೆ. ಎಲ್ಲಿಗೆ ಎಂದು ಅವರು ಕೇಳಿದರು, ಗೊತ್ತಿಲ್ಲ ಎಂದೆ. ಕೊಟ್ಟರು. ಶಿರಾ ದಾಟಿ ಬುಕ್ಕಾಪಟ್ಟಣದ ಕಡೆ ಹೋದೆ. ಎರಡೂ ಬದಿ ಜಾಲಿ, ಕೆಂಪು ನೆಲ, ಬಿಸಿಲು. ಎಷ್ಟೋ ದೂರ ಹೋದ ಮೇಲೆ, ಈ ತನಕ ಅವರ ಬಗ್ಗೆ ಯೋಚನೆಯೇ ಬರಲಿಲ್ಲವಲ್ಲ ಎಂದು ಹೊಳೆಯಿತು. ಹೊಳೆದ ಕೂಡಲೇ ಗಾಡಿ ಪಕ್ಕಕ್ಕೆ ಹಾಕಿ ಫೋನು ಮಾಡಿದೆ. ತುಂಬ ಹೊತ್ತು ರಿಂಗಾಗಿ ಎತ್ತಿದರು.

"ಏನೇ?"

"ಏನಿಲ್ಲ. ಏನ್ ಮಾಡ್ತಿದೀರಾ?"

"ಮೋಟ್ರಿಗೆ ಕಾಯಿಲ್ ಸುತ್ತುತಾ ಇವ್ನಿ. ಲೆಕ್ಕ ತಪ್ಪೋಯ್ತೈತೆ, ಇಡು" ಎಂದು ಇಟ್ಟರು.

ನಾನು ಗೇರಿಗೆ ಹಾಕಿ ಮುಂದಕ್ಕೆ ಹೋದೆ.